ಊರಿನ ಹುಡುಗ ಫಾಲಿನ್‌ನಲ್ಲಿ ಎದುರು ಮಾತಾಡಿದ, ಏನು ಮಾಡಲಿ?

ಪ್ರಶ್ನೆ: ನಾನು ಉಡುಪಿಯವ, ಸೇನೆಯಲ್ಲಿ ಪ್ಲಟೂನ್ ಹವಾಲ್ದಾರ್. ಈಗ ರಜೆಯಲ್ಲಿ ಊರಿನಲ್ಲಿದ್ದೇನೆ. ನಮ್ಮ ಪ್ಲಟೂನಿಗೆ ಮಂಗಳೂರಿನ ಒಬ್ಬ ಅಗ್ನಿವೀರ ಬಂದಿದ್ದಾನೆ. ನನ್ನ ಹತ್ತಿರ ತುಳುವಿನಲ್ಲೇ ಮಾತು, ಬಾಯಿ ತುಂಬ ‘ಅಣ್ಣಾ’. ಪಕ್ಷಪಾತ ಎಂಬ ಮಾತು ಬರಬಾರದೆಂದು ಡ್ಯೂಟಿಯ ವಿಷಯದಲ್ಲಿ ಅವನಿಗೆ ನಾನು ಸ್ವಲ್ಪ ಬಿಗಿಯೇ. ರಜೆಗೆ ಹೊರಡುವ ಮೊದಲು ಸಂಜೆಯ ಫಾಲಿನ್‌ನಲ್ಲಿ, ಎಲ್ಲರೂ ಸಾಲಾಗಿ ನಿಂತಿದ್ದಾಗ, ರಾತ್ರಿ 2ರಿಂದ 4ರ ಸಂತ್ರಿ ಕಾವಲಿಗೆ ಅವನ ಹೆಸರು ಓದಿದೆ. ‘ಬೇತೆ ಏರೆಡಾಂಡಲಾ ಪನ್ಲೆ ಅಣ್ಣಾ’ ಅಂದ, ಬೇರೆ ಯಾರಿಗಾದರೂ ಹೇಳಿ ಅಂತ. ಮಾತು ಅರ್ಥವಾಗದಿದ್ದರೂ ನಾಲ್ಕು ಮಂದಿ ನಕ್ಕರು. ರಾತ್ರಿ ಮಾತ್ರ ಸಮಯಕ್ಕೆ ಸರಿಯಾಗಿ ಪೋಸ್ಟಿಗೆ ಬಂದಿದ್ದ. ಯಾರಿಗೂ ನಾನು ಹೇಳಿಲ್ಲ. ಮೊನ್ನೆ ಅವನ ತಂದೆ ಮನೆಗೆ ಬಂದು ಮಗನಿಗೆಂದು ಹಪ್ಪಳ, ಉಪ್ಪಿನಕಾಯಿಯ ಕಟ್ಟು ಕೊಟ್ಟು ‘ಮಗ ಹೇಗಿದ್ದಾನೆ?’ ಎಂದರು. ನನಗೆ ಮಾತೇ ಹೊರಡಲಿಲ್ಲ. ಚಾರ್ಜ್ ಹಾಕಿಸಲೇ, ಬಿಟ್ಟುಬಿಡಲೇ?

ಉತ್ತರ (ನಿವೃತ್ತ ಸುಬೇದಾರ್, ಮಂಗಳೂರು): ಬಿಟ್ಟುಬಿಡಬೇಡಿ. ಆದರೆ ಚಾರ್ಜಿನ ಮಾತು ಈಗ ಬೇಡ.

‘ರಾತ್ರಿ ಸಮಯಕ್ಕೆ ಸರಿಯಾಗಿ ಬಂದಿದ್ದ’ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. 1950ರ ಸೇನಾ ಕಾಯ್ದೆಯಲ್ಲಿ ಹುಕುಂ ಮೀರುವುದು 41ನೇ ಸೆಕ್ಷನ್. ಬೇಕೆಂದೇ ಧಿಕ್ಕರಿಸಿದರೆ 14 ವರ್ಷದವರೆಗೆ ಜೈಲು. ನಿಮ್ಮ ಹುಡುಗ ಹುಕುಂ ಮೀರಲಿಲ್ಲ. ರಾತ್ರಿ 2 ಗಂಟೆಯ ಕೆಲಸವನ್ನು 2 ಗಂಟೆಗೆ ಮಾಡಿದ. ಅವನ ತಪ್ಪು ನಾಲಗೆಯದ್ದು. ಅದು 40ನೇ ಸೆಕ್ಷನ್ನಿಗೆ ಬರುತ್ತದೆ, ಮೇಲಧಿಕಾರಿಯ ಎದುರು ಉದ್ಧಟ ಮಾತು. ಹೆಚ್ಚೆಂದರೆ 5 ವರ್ಷ. ಆ ‘ಮೇಲಧಿಕಾರಿ’ ಎಂಬ ಪದದೊಳಗೆ ಹವಾಲ್ದಾರನೂ ಸೇರುತ್ತಾನೆ, ಆ ಬಗ್ಗೆ ಸಂಶಯ ಬೇಡ. ಆದರೆ ಇವೆರಡನ್ನೂ ಒಂದೇ ಎಂದುಕೊಂಡು ವರದಿ ಬರೆದರೆ ಹುಡುಗನಿಗೆ ಅನ್ಯಾಯ, ನಿಮ್ಮ ಮಾತಿನ ತೂಕವೂ ಹೋಗುತ್ತದೆ.

ಇನ್ನೊಂದು, ‘ಸ್ವಲ್ಪ ಬಿಗಿಯೇ’ ಎಂದಿದ್ದೀರಿ. ರಜೆ ಮುಗಿಸಿ ಹೋದ ಮೇಲೆ ಮೊದಲು ಹುಡುಗನನ್ನು ಕರೆಯಬೇಡಿ, ಡ್ಯೂಟಿ ರಿಜಿಸ್ಟರ್ ತೆರೆಯಿರಿ. ಹಿಂದಿನ ಒಂದು ತಿಂಗಳಲ್ಲಿ ನಡುರಾತ್ರಿಯ ಪಾಳಿ ಯಾರಿಗೆ ಎಷ್ಟು ಸಲ ಬಂದಿದೆ, ಪೆನ್ಸಿಲಿನಲ್ಲಿ ಗೆರೆ ಎಳೆದು ಲೆಕ್ಕ ಹಾಕಿ. ಸಂತ್ರಿಗೆ ಎರಡು ಗಂಟೆ ಡ್ಯೂಟಿ, ನಾಲ್ಕು ಗಂಟೆ ವಿಶ್ರಾಂತಿ ಎಂಬುದು ಕಾಗದದಲ್ಲಿ ಎಲ್ಲರಿಗೂ ಒಂದೇ. 2ರಿಂದ 4ರ ಪಾಳಿ ಸಿಕ್ಕಿದವನಿಗೆ ಮಾತ್ರ ಆ ರಾತ್ರಿಯ ನಿದ್ದೆ ಎರಡು ತುಂಡು. ಅವನ ಹೆಸರಿನ ಮುಂದೆ ಉಳಿದವರಿಗಿಂತ ಹೆಚ್ಚು ಗೆರೆ ಕಂಡರೆ, ಊರಿನವನೆಂಬ ಕಾರಣಕ್ಕೇ ನೀವು ಅವನಿಗೆ ಹೆಚ್ಚು ಹೊರಿಸಿದ್ದೀರಿ. ಅದೂ ಪಕ್ಷಪಾತವೇ. ನಿಮಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಮೇಲೆ 30 ದಿನ ಕ್ಯಾಶುವಲ್. ಅಗ್ನಿವೀರನಿಗೆ ಒಟ್ಟು 30. ಅವನ ಎದುರೇ ನೀವು ಪೆಟ್ಟಿಗೆ ಕಟ್ಟುತ್ತಿದ್ದಿರಿ. ಇದರಿಂದ ಅವನ ಮಾತು ಸರಿಯಾಗುವುದಿಲ್ಲ, ಅದು ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ನಾನು ನಾಯಕ್ ಆಗಿದ್ದಾಗ ಒಬ್ಬ ಜವಾನ ಇಂಥದ್ದೇ ಮಾತು ಆಡಿದ. ನಾನು ಅವನ ಕಾಲರ್ ಹಿಡಿದೆ, ಅಂಗಿಯ ಒಂದು ಗುಂಡಿ ಕಿತ್ತು ಬಂತು. ಕಂಪನಿ ಕಮಾಂಡರ್ ಎದುರು ಇಬ್ಬರನ್ನೂ ನಿಲ್ಲಿಸಿದರು. ಮೇಜಿನ ಮೇಲೆ ಆ ಗುಂಡಿ ಇತ್ತು. ಅವನ ಮಾತನ್ನು ಯಾರೂ ಕೇಳಲೇ ಇಲ್ಲ, ಇಡೀ ವಿಚಾರಣೆ ಗುಂಡಿಯ ಸುತ್ತವೇ ನಡೆಯಿತು. ಕೈಕೆಳಗಿನವರನ್ನು ಹಿಂಸಿಸಿದರೆ 47ನೇ ಸೆಕ್ಷನ್, 7 ವರ್ಷದವರೆಗೆ. ಕೈ ಎತ್ತಿದರೆ ಆರೋಪಿ ನೀವೇ.

ಫಾಲಿನ್‌ನಲ್ಲಿ ತುಳು ಬೇಡ. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ದೂರದ ಪೋಸ್ಟಿನಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಎಷ್ಟು ಹಿತವೆಂದು ನನಗೆ ಗೊತ್ತು. ಬ್ಯಾರಕ್ಕಿನಲ್ಲಿ, ಊಟದ ಹೊತ್ತಿನಲ್ಲಿ ಧಾರಾಳ ಮಾತಾಡಿ. ಸಾಲಿನಲ್ಲಿ ನಿಂತಾಗ ಎಲ್ಲರಿಗೂ ತಿಳಿಯುವ ಹಿಂದಿ, ಹೆಸರಿಗೆ ಬದಲು ಹುದ್ದೆ. ನಾಳೆ ವಿಚಾರಣೆಯಾದರೆ ಆ ನಾಲ್ವರು ಏನೆಂದು ಸಾಕ್ಷಿ ಹೇಳಿಯಾರು? ‘ಏನೋ ಅಂದ, ನಗು ಬಂತು’ ಅಂತಲೇ?

ಆಮೇಲೆ ಅವನನ್ನು ಒಬ್ಬನನ್ನೇ ಕರೆಯಿರಿ. ಕೂತು ಮಾತಾಡಬೇಡಿ, ಇಬ್ಬರೂ ನಿಂತೇ ಇರಿ. ಅಂದು ಅವನು ಆಡಿದ ಮಾತನ್ನು ಅವನಿಗೇ ಹೇಳಿ, ಇದು ನಡೆಯುವುದಿಲ್ಲ ಎನ್ನಿ. ಲೆಕ್ಕದಲ್ಲಿ ನಿಮ್ಮ ತಪ್ಪು ಕಂಡಿದ್ದರೆ ಅದನ್ನೂ ಹೇಳಿ. ಹಾಗೆ ಹೇಳಿದ ಹವಾಲ್ದಾರ್ ಸಣ್ಣವನಾದದ್ದನ್ನು ನಾನು ಕಂಡಿಲ್ಲ. ಪಾಳಿ ಹೆಚ್ಚಾಯಿತು ಅನ್ನಿಸಿದರೆ ಫಾಲಿನ್ ಮುಗಿದ ಮೇಲೆ ಬಂದು ಕೇಳುವ ಹಕ್ಕು ಅವನಿಗಿದೆ. ನಿಮ್ಮಿಂದ ಸಮಾಧಾನವಾಗದಿದ್ದರೆ ಮೇಲಿನವರ ಬಳಿ ಹೋಗಲು 26ನೇ ಸೆಕ್ಷನ್ ಇದೆ. ಸಂಜೆಯೇ ಪ್ಲಟೂನ್ ಕಮಾಂಡರ್ ಸಾಹೇಬರ ಕಿವಿಗೆ ಹಾಕಿ, ನಿಮ್ಮ ಡೈರಿಯಲ್ಲಿ ದಿನಾಂಕ, ಹೊತ್ತು, ಆಡಿದ ಮಾತನ್ನು ಹಾಗೆಯೇ ಬರೆದಿಡಿ.

ಮತ್ತೆ ಅದೇ ನಡೆದರೆ ಕರುಣೆ ಬೇಡ, ಸಿಎಚ್‌ಎಂ (ಕಂಪನಿ ಹವಾಲ್ದಾರ್ ಮೇಜರ್) ಮೂಲಕ ಮೇಲೆ ಹೋಗಲಿ. ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರು ಅವನ ಎದುರೇ ಆರೋಪ ಕೇಳುತ್ತಾರೆ, ಸಾಕ್ಷಿಗಳನ್ನು ಅವನೂ ಪ್ರಶ್ನಿಸಬಹುದು. 80ನೇ ಸೆಕ್ಷನ್ನಿನಲ್ಲಿ 28 ದಿನದವರೆಗೆ ಸೇನಾ ಬಂಧನವನ್ನೂ ವಿಧಿಸಬಹುದು. ನಾಲ್ಕು ವರ್ಷ ಮುಗಿದಾಗ ಹೆಚ್ಚೆಂದರೆ ನೂರಕ್ಕೆ 25 ಅಗ್ನಿವೀರರನ್ನು ಉಳಿಸಿಕೊಳ್ಳುವ ವ್ಯವಸ್ಥೆಯಲ್ಲಿ ಸೇವಾ ದಾಖಲೆಯಲ್ಲಿ ಶಿಕ್ಷೆಯ ಒಂದು ರೆಡ್ ಇಂಕ್ ಎಂಟ್ರಿ ಎಷ್ಟು ಭಾರ ಎಂದು ನಿಮಗೆ ಹೇಳಬೇಕಾಗಿಲ್ಲ. ಮೊದಲ ಸಲಕ್ಕೆ ಚಾರ್ಜ್ ಬೇಡ ಎಂದದ್ದು ಅದಕ್ಕೇ.

ತಂದೆಗೆ ಈ ವಿಷಯ ಹೇಳಬೇಡಿ. ಹೇಳಿದರೆ ರಾತ್ರಿಯೇ ಮಗನಿಗೆ ಫೋನ್ ಹೋಗುತ್ತದೆ, ನೀವು ಮನೆಗೆ ಚಾಡಿ ಹೇಳಿದ ಅಣ್ಣನಾಗುತ್ತೀರಿ. ‘ಆರೋಗ್ಯವಾಗಿದ್ದಾನೆ, ಡ್ಯೂಟಿಗೆ ಸಮಯಕ್ಕೆ ಬರುತ್ತಾನೆ’ ಎನ್ನಿ, ಎರಡೂ ನಿಜ. ಆ ಹಪ್ಪಳದ ಕಟ್ಟನ್ನು ಹೋದ ದಿನವೇ ಕೊಟ್ಟುಬಿಡಿ. ಮಾತನ್ನು ಮರುದಿನ, ಯೂನಿಫಾರ್ಮಿನಲ್ಲಿ ಆಡಿ.