ಅಮ್ಮನ ಋಣ, ಸಂಘದ ಲೆಕ್ಕ

ಪ್ರಶ್ನೆ: ನನಗೆ 29 ವರ್ಷ, ಗೇ. ಮನೆಯವರು ಹೊರಗೆ ಹಾಕಿದಾಗ ದಾವಣಗೆರೆಯಲ್ಲಿ ನನಗೆ ಅನ್ನ ಹಾಕಿದವರು ನಮ್ಮ ಸಮುದಾಯದ ಸಂಘದ ಅಧ್ಯಕ್ಷೆ. ಅವರು ಮಂಗಳಮುಖಿ, ಅರವತ್ತರ ಹತ್ತಿರ, ನಮಗೆಲ್ಲ ಅಮ್ಮ. ಈಗ ನಾನೇ ಕಾರ್ಯದರ್ಶಿ. ನಾಲ್ಕು ವರ್ಷದಿಂದ ಸರ್ವಸದಸ್ಯರ ಸಭೆ ನಡೆದಿಲ್ಲ. ಸಮಿತಿ ತುಂಬಾ ಅವರ ಚೇಲಾಗಳೇ. ಚೆಕ್ಕಿಗೆ ಅವರೊಬ್ಬರದೇ ಸಹಿ. ಮೊನ್ನೆ ನಡಾವಳಿ ಪುಸ್ತಕದ ಖಾಲಿ ಹಾಳೆ ತೋರಿಸಿ, "ಸಹಿ ಹಾಕಪ್ಪ, ಆಮೇಲೆ ಬರೆಸ್ತೀನಿ" ಎಂದರು. ಹುಡುಗರು ಬದಲಾವಣೆ ಕೇಳುತ್ತಿದ್ದಾರೆ. ಬಾಯಿಬಿಟ್ಟರೆ ದ್ರೋಹ ಅನಿಸುತ್ತೆ.

ಉತ್ತರ: ಮೊದಲು ಆ ಖಾಲಿ ಹಾಳೆಯ ಮಾತು. ಸಹಿ ಹಾಕಬೇಡಿ. ನಡೆಯದ ಸಭೆಗೆ ನಿಮ್ಮ ಸಹಿ ಬಿದ್ದರೆ ನಾಳೆ ಉತ್ತರ ಹೇಳಬೇಕಾದವರು ನೀವೇ.

ಹೆತ್ತವರು ಬಾಗಿಲು ಹಾಕಿಕೊಂಡಾಗ ತಟ್ಟೆ ಇಟ್ಟವರ ಹತ್ತಿರ ಲೆಕ್ಕ ಕೇಳುವುದು ಸಣ್ಣ ಮಾತಲ್ಲ. ಹಮಾಮಿನಲ್ಲಿ, ಅಂದರೆ ಮಂಗಳಮುಖಿಯರು ಗುರು-ಚೇಲಾಗಳಾಗಿ ಒಟ್ಟಿಗೆ ಬಾಳುವ ಮನೆಯಲ್ಲಿ, ಗುರು ಹೇಳಿದ್ದೇ ಕೊನೆ. ಆ ಪದ್ಧತಿ ಎಷ್ಟೋ ಜನರನ್ನು ಬೀದಿಪಾಲಾಗದಂತೆ ಕಾಪಾಡಿದೆ, ಅದರ ಬಗ್ಗೆ ನನಗೆ ಗೌರವವಿದೆ. ಸಂಘ ಹಾಗಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ವರ್ಷಕ್ಕೊಮ್ಮೆ ಸಭೆ ಕರೆಯಲೇಬೇಕು. ಆಡಿಟ್ ಆದ ಲೆಕ್ಕ, ಸಮಿತಿಯ ಪಟ್ಟಿ ನೋಂದಣಾಧಿಕಾರಿಗೆ ಹೋಗಬೇಕು. ಅಲ್ಲಿ ಗುರು, ಚೇಲಾ ಇಬ್ಬರೂ ಬರೀ ಸದಸ್ಯರು. ಅಮ್ಮ ಹಣ ತಿಂದಿದ್ದಾರೆ ಎಂದು ನೀವು ಬರೆದಿಲ್ಲ, ನಾನೂ ಹಾಗೆ ಅಂದುಕೊಳ್ಳುವುದಿಲ್ಲ. ಆದರೆ ಲೆಕ್ಕ ತೋರಿಸದಿದ್ದರೆ ತಪ್ಪು ಮಾಡದವರ ಮೇಲೂ ಅನುಮಾನ ಬರುತ್ತೆ, ಅಲ್ವಾ? ಸಂಘ ಮುಚ್ಚಿದರೆ ಎಚ್‌ಐವಿ ಪರೀಕ್ಷೆಗೆ, ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಯ ಅರ್ಜಿಗೆ ಸಹಾಯ ಕೇಳಿ ಬರುವವರು ಎಲ್ಲಿಗೆ ಹೋಗಬೇಕು?

ಒಂದು ಸಂಜೆ ಒಬ್ಬರೇ ಅವರ ಮನೆಗೆ ಹೋಗಿ. ಚೇಲಾಗಳ ಎದುರು ಕೇಳಿದರೆ ಮರ್ಯಾದೆ ಪ್ರಶ್ನೆಯಾಗಿಬಿಡುತ್ತದೆ. "ಅಮ್ಮ, ನಿಮ್ಮ ಹೆಸರು ಕೆಡಬಾರದು ಅಂತಲೇ ಬಂದೆ" ಎಂದು ಶುರು ಮಾಡಿ. ಸಭೆಗೊಂದು ತಾರೀಕು, ಚೆಕ್ಕಿಗೆ ಇಬ್ಬರ ಸಹಿ, ಇಷ್ಟು ಕೇಳಿ. ಸಮಿತಿಗೆ ಹೊಸಬರು ಬರಲಿ. ಟ್ರಾನ್ಸ್ ಗಂಡಸರು, ಲೆಸ್ಬಿಯನ್ ಹೆಣ್ಣುಮಕ್ಕಳಿಗೆ ಎಷ್ಟೋ ಕಡೆ ಕುರ್ಚಿಯೇ ಸಿಗುವುದಿಲ್ಲ.

ಅವರ ಭಯವನ್ನೂ ಕೇಳಿಸಿಕೊಳ್ಳಿ. ಆ ವಯಸ್ಸಿನಲ್ಲಿ ಕುರ್ಚಿ ಹೋದರೆ ಊಟಕ್ಕೇನು, ಯಾರು ನೋಡ್ತಾರೆ ಎಂಬ ಚಿಂತೆ ಇರಬಹುದು. ಸಲಹೆಗಾರರ ಸ್ಥಾನ, ಗೌರವಧನ ಏನು ಕೊಡಬಹುದೆಂದು ಸಭೆಯಲ್ಲೇ ತೀರ್ಮಾನಿಸಿ, ನಡಾವಳಿಯಲ್ಲಿ ಬರೆದಿಡಿ.

ಒಪ್ಪದಿದ್ದರೆ ಸಮಿತಿಗೆ ಲಿಖಿತವಾಗಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ, ಸದಸ್ಯರಲ್ಲಿ ಮೂರನೇ ಒಂದು ಭಾಗ ಅರ್ಜಿ ಕೊಟ್ಟರೆ ಅದೇ ಕಾಯ್ದೆಯ 25ನೇ ಕಲಂ ಪ್ರಕಾರ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು. ಆದರೆ ಅರ್ಜಿಯಲ್ಲಿ ಹೆಸರುಗಳಿರುತ್ತವೆ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಹುಡುಗರಿಂದ ಸುಮ್ನೆ ಸಹಿ ಹಾಕಿಸಬೇಡಿ, ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ. ಪಿ.ಬಿ. ರಸ್ತೆಯ ಈ ಕಡೆ ಆಡಿದ ಮಾತು ಸಂಜೆಯೊಳಗೆ ಆ ಕಡೆ ಮುಟ್ಟಿರುತ್ತೆ.

ಅವರು ಬೈಯಬಹುದು, ನಾಲ್ಕು ದಿನ ಮಾತು ಬಿಡಬಹುದು. ಆಗಲೂ ಊಟದ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂರುವುದನ್ನು ನಿಲ್ಲಿಸಬೇಡಿ.