ಮಕ್ಕಳ ಜೊತೆ ಹುಲಿ ಕಾಡಿನಲ್ಲಿ ಟೆಂಟ್ ಹಾಕಿ ಮಲಗಬಹುದಾ?

ಎಂಟು ಮತ್ತು ಐದು ವರ್ಷದ ಮಕ್ಕಳು, ಹೊಸದಾಗಿ ತಂದ ಟೆಂಟ್, ಬಂಡೀಪುರದ ಸುತ್ತ ಎಲ್ಲಾದರೂ ಕಾಡಿನೊಳಗೆ ಒಂದು ರಾತ್ರಿ. ಇದು ಆಗುತ್ತದಾ ಅಂತ ನೀವು ಕೇಳಿದ್ದೀರಿ.

ದಯವಿಟ್ಟು ಆ ಟೆಂಟನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬಂಡೀಪುರ, ಮುದುಮಲೈ, ನಮ್ಮ ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಎಲ್ಲವೂ ಹುಲಿ ಸಂರಕ್ಷಿತ ಪ್ರದೇಶ. ಕಂಡ ಕಡೆ ಗಾಡಿ ನಿಲ್ಲಿಸಿ ಟೆಂಟ್ ಹಾಕುವ ಹಾಗಿಲ್ಲ.

ನಾನು ತಾಳವಾಡಿಯವನು. ಜಿಲ್ಲೆ ತಮಿಳುನಾಡಿನ ಈರೋಡು, ಮನೆಮಾತು ಕನ್ನಡ. ನಮ್ಮ ಹೊಲ ಮುಗಿದಲ್ಲೇ ಕಾಡು ಶುರು. ಚಿಕ್ಕಂದಿನಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೆ ಅಪ್ಪನ ಜೊತೆ ಅಟ್ಟಣೆ ಮೇಲೆ ಕಾವಲು ಮಲಗುತ್ತಿದ್ದೆ. ಅಷ್ಟು ದೊಡ್ಡ ಆನೆ, ನಡೆದು ಬರುವಾಗ ಸದ್ದೇ ಇರುವುದಿಲ್ಲ. ಪಕ್ಕದ ಹೊಲದ ಕಬ್ಬು ಲಟಕ್ಕಂತ ಮುರಿದಾಗಲೇ ಬಂದಿದೆ ಅಂತ ಗೊತ್ತಾಗುತ್ತಿತ್ತು. ನಾವು ಮರದ ಮೇಲಿದ್ದೆವು. ನಿಮ್ಮ ಮಕ್ಕಳು ನೆಲದ ಮೇಲೆ, ತೆಳ್ಳನೆ ಬಟ್ಟೆಯೊಳಗೆ, ತಲೆದೆಸೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಮಲಗಿರುತ್ತಾರೆ. ನೆನೆಸಿಕೊಂಡರೇ ನನಗೆ ಭಯವಾಗುತ್ತದೆ.

ಹಾಗಂತ ಮಕ್ಕಳ ಆಸೆ ಮುರಿಯಬೇಕಿಲ್ಲ. ನನ್ನ ಮಗಳೂ ಟೆಂಟ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಳು. ನಾವು ಕೆ. ಗುಡಿಗೆ ಹೋದೆವು. ಪೂರ್ತಿ ಹೆಸರು ಕ್ಯಾತದೇವರಾಯನ ಗುಡಿ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕ್ಯಾಂಪ್. ಅಲ್ಲಿ ದಪ್ಪ ಬಟ್ಟೆಯ ಟೆಂಟ್‌ಗಳಿವೆ. ಒಳಗೆ ಮಂಚ, ಹಿಂದೆ ಬಚ್ಚಲು, ಮುಂದೆ ಜಗಲಿ. ಜಿಂಕೆ, ಕಾಡುಹಂದಿ ಜಗಲಿಯ ಮುಂದೆಯೇ ಮೇಯುತ್ತವೆ.

ರಾತ್ರಿ ನಾಯಿ ಬೊಗಳಿದ ಹಾಗೆ ಕೇಳಿಸಿತು. ಮಗಳು ಎದ್ದು ಕೂತಳು. ಜೊತೆಗಿದ್ದ ನಮ್ಮವ್ವ, "ನಾಯಿ ಅಲ್ಲ ಕಣವ್ವ, ಕಾಡುಕುರಿ. ಏನೋ ಕಂಡು ಕೂಗ್ತಾ ಅದೆ" ಅಂದರು. ಕಾಡುಕುರಿ ಅಂದರೆ ಬೊಗಳುವ ಜಿಂಕೆ. ಆಮೇಲೆ ಇಬ್ಬರೂ ಒಂದೇ ಕಂಬಳಿಯಲ್ಲಿ ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದರು. ಬೆಳಗಿನ ಸಫಾರಿಯಲ್ಲಿ ಹುಲಿ ಸಿಗಲಿಲ್ಲ, ಕಾಟಿಗಳ (ಕಾಡೆಮ್ಮೆ) ಹಿಂಡು ಸಿಕ್ಕಿತು. ಮಗಳು ಊರಿಗೆ ಬಂದು ಎಲ್ಲರಿಗೂ ಹೇಳಿದ್ದು ಮಾತ್ರ ಆ ಕಾಡುಕುರಿಯ ವಿಷಯ.

ಚಾಮರಾಜನಗರದಿಂದ ಅಲ್ಲಿಗೆ ಸುಮಾರು ಒಂದು ಗಂಟೆ ದಾರಿ. ಮಧ್ಯಾಹ್ನದೊಳಗೆ ತಲುಪಿಬಿಡಿ. ಕತ್ತಲಾದ ಮೇಲೆ ಚೆಕ್‌ಪೋಸ್ಟ್ ದಾಟಲು ಬಿಡುವುದಿಲ್ಲ. ಬಂಡೀಪುರದ ಹೆದ್ದಾರಿ, ನಮ್ಮ ಕಡೆಯ 27 ತಿರುವಿನ ದಿಂಬಂ ಘಟ್ಟ ಎರಡರಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಪ್ರವಾಸಕ್ಕೆ ಬರುವವರ ಗಾಡಿಗೆ ದಾರಿಯಿಲ್ಲ. ಮಳೆ ಮುಗಿದ ಮೇಲೆ ಹೋದರೆ ಕಾಡು ಹಸಿರಾಗಿರುತ್ತದೆ, ಚಳಿ ಜಾಸ್ತಿ. ಚಿಕ್ಕವನಿಗೆ ಸ್ವೆಟರ್, ಟೋಪಿ ಇಟ್ಟುಕೊಳ್ಳಿ. ತಿಂಡಿ ಪೊಟ್ಟಣ ಜಗಲಿಯಲ್ಲಿ ಬಿಡಬೇಡಿ, ಕೋತಿಗಳು ಬರುತ್ತವೆ. ರಾತ್ರಿ ಸುಮ್ನೆ ನೋಡೋಣ ಅಂತಲೂ ಟೆಂಟ್‌ನಿಂದ ಹೊರಗೆ ಹೋಗಬೇಡಿ.

ಮರುದಿನ ಈ ಕಾಡಿನ ಬುಡಕಟ್ಟಿನವರಾದ ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರಕ್ಕೂ ರಂಗಪ್ಪನ, ಅಂದರೆ ಬೆಟ್ಟದ ರಂಗನಾಥನ, ಗುಡಿಗೂ ಹೋಗಿ. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನಂತೆ, ಅದಕ್ಕೇ ಅವರು ದೇವರನ್ನು ಭಾವ ಅಂತಾರೆ. ನನ್ನ ಮಗಳಿಗೆ ಆ ಕತೆ ತುಂಬಾ ಹಿಡಿಸಿತು.