ಚಿಕ್ಕಬಳ್ಳಾಪುರದ ನೆಲಾನೂ ಆಫ್ರಿಕಾ ಥರ ಸೀಳ್ತಿದ್ಯಾ?

ಸರ್, 2021ರ ಡಿಸೆಂಬರ್‌ನಲ್ಲಿ ನಮ್ಮ ಚಿಕ್ಕಬಳ್ಳಾಪುರ ನಡುಗಿತಲ್ಲ, ಇದೂ ಆಫ್ರಿಕಾದ ರಿಫ್ಟ್ ವ್ಯಾಲಿ (ನೆಲ ಸೀಳಿ ಆಗಿರೋ ಉದ್ದದ ಕಣಿವೆ) ಥರಾನೇನಾ, ಫಾಲ್ಟ್ (ಬಂಡೆ ಜಾರೋ ಬಿರುಕು) ಆಕ್ಟಿವ್ ಇದ್ಯೋ ಇಲ್ವೋ ಹೆಂಗೆ ಕಂಡುಹಿಡೀತಾರೆ ಅಂತ ಕೇಳಿದೀರ. ಅದೇ ಬೇರೆ ಇದೇ ಬೇರೆ ಸರ್. ನಮ್ಮದು 250 ಕೋಟಿ ವರ್ಷದಷ್ಟು ಹಳೇ ಬಂಡೆ, ಆಗ ಆಗಿದ್ದು ತೀವ್ರತೆ 3ರ ಆಸುಪಾಸಿನ ಸಣ್ಣ ಕಂಪನ. ಆ ರಿಫ್ಟ್ ವ್ಯಾಲಿಯಲ್ಲಿರೋ ಮಲಾವಿ ದೇಶದ ಕಡೆ ನೆಲ ವರ್ಷಕ್ಕೆ ಕೆಲವೇ ಮಿಲಿಮೀಟರ್‌ನಂಗೆ ಎರಡು ಕಡೆ ಎಳೀತಿದೆ, ಮಧ್ಯದ ಭಾಗ ಇಳಿಜಾರು ಬಿರುಕಿನ ಮೇಲೆ ಕೆಳಕ್ಕೆ ಜಾರುತ್ತೆ, ಅದೇ ನಾರ್ಮಲ್ ಫಾಲ್ಟ್.

ಕಂಡುಹಿಡಿಯೋದು ಹೆಂಗೆ ಅಂದ್ರೆ ಮೊದಲು ಸ್ಯಾಟಲೈಟ್ ಚಿತ್ರದಲ್ಲಿ ನೆಲ ಮೆಟ್ಟಿಲಿನಂಗೆ ಎದ್ದಿರೋ ಜಾಗ ಹುಡುಕ್ತಾರೆ, ಎತ್ತರ ಅಳೀತಾರೆ, ಆಮೇಲೆ ಅಡ್ಡಕ್ಕೆ ಗುಂಡಿ ತೋಡಿ ಯಾವ ಮಣ್ಣಿನ ಪದರ ಕತ್ತರಿಸಿದೆ, ಯಾವುದು ಹಂಗೇ ಇದೆ ನೋಡಿ, ಅದರಲ್ಲಿ ಸಿಗೋ ಇದ್ದಿಲಿನ ವಯಸ್ಸು ತೆಗೆದ್ರೆ ಕೊನೇ ಭೂಕಂಪ ಯಾವಾಗ ಅಂತ ಅಂದಾಜು ಸಿಗುತ್ತೆ. ಫಾಲ್ಟ್ ಉದ್ದ ಇದ್ದಷ್ಟೂ ಭೂಕಂಪ ದೊಡ್ಡದು. ಮಲಾವಿಯ ಬಿಲಿಲಾ-ಮ್ತಕಟಕ ಫಾಲ್ಟ್ 100 ಕಿಲೋಮೀಟರ್‌ಗೂ ಉದ್ದ, ಪೂರ್ತಿ ಒಂದೇ ಸಲ ಜಾರಿದ್ರೆ ತೀವ್ರತೆ 7 ದಾಟುತ್ತೆ, ಆದ್ರೆ ಅಂಥದ್ದು ಸಾವಿರಾರು ವರ್ಷಕ್ಕೊಂದು ಸಲ, ಅದಕ್ಕೇ ನೂರು ವರ್ಷದ ರೆಕಾರ್ಡ್ ನೋಡಿ ಸೇಫ್ ಅನ್ನೋದು ನನ್ನ ಪ್ರಕಾರ ಅಪಾಯ. ಇನ್ನೊಂದು, 2009ರ ಡಿಸೆಂಬರ್‌ನಲ್ಲಿ ಮಲಾವಿಯ ಕರೋಂಗದಲ್ಲಿ ಸಾಲಾಗಿ ಕಂಪನ ಆಯ್ತಲ್ಲ, ದೊಡ್ಡದು ಸುಮಾರು 6, ಅದು ಬೇಸಿನ್ (ಕುಸಿದ ತಗ್ಗು ಪ್ರದೇಶ) ಅಂಚಿನ ದೊಡ್ಡ ಫಾಲ್ಟಲ್ಲಿ ಆಗಿದ್ದಲ್ಲ, ಒಳಗಿನ ಸಣ್ಣ ಫಾಲ್ಟಲ್ಲಿ. ಹಂಗಾಗಿ ಅಂಚು ಒಂದನ್ನೇ ಮ್ಯಾಪ್ ಮಾಡಿದ್ರೆ ಸಾಲಲ್ಲ ಸರ್.